ಬಾಡಿಸ್ಲ್ಯಾಮ್ ಬ್ಯಾಂಡಿನ ತೂನ್ ಯಾರು? ಥಾಯ್ ಜನಕ್ಕೆ ಈತ ಅಷ್ಟೊಂದು ಇಷ್ಟ ಯಾಕೆ?

ರಾತ್ರಿರೈಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಥಾಯ್ ಸಂಗೀತ ಕೇಳುವವರು ಇಲ್ಲಿ ಒಬ್ಬಿಬ್ಬರಾದರೂ ಇರಬಹುದು ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ಹೋದ ತಿಂಗಳು ಚಿಯಾಂಗ್ ಮಾಯ್‌ಗೆ ಹೋಗಿದ್ದೆ. ಒಂದು ರಾತ್ರಿ ಹಳೇ ಊರಿನ ಕಂದಕದ ಪಕ್ಕ ಒಂದು ಪುಟ್ಟ ಬಾರಿನಲ್ಲಿ ಕೂತಿದ್ದೆ. ಮೂಲೆಯಲ್ಲಿ ಮೂರು ಹುಡುಗರು ಗಿಟಾರ್, ಡ್ರಮ್ ಇಟ್ಟುಕೊಂಡು ಏನೋ ಬಾರಿಸುತ್ತಿದ್ದರು, ಯಾರೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಲ್ಲರೂ ಅವರವರ ಮೊಬೈಲು, ಅವರವರ ಮಾತು. ಆಮೇಲೆ ಒಂದು ಹಾಡು ಶುರುವಾಯ್ತು ನೋಡಿ. ಗಿಟಾರಿನ ನಾಲ್ಕು ಸ್ವರ ಬೀಳುತ್ತಿದ್ದ ಹಾಗೆ ಇಡೀ ಬಾರು ಎದ್ದು ನಿಂತಿತು. ಗ್ಲಾಸು ಹೊತ್ತು ಬರುತ್ತಿದ್ದ ಹುಡುಗಿ ಟ್ರೇಯನ್ನು ನನ್ನ ಟೇಬಲ್ ಮೇಲೇ ಇಟ್ಟು, ಕಣ್ಣು ಮುಚ್ಚಿಕೊಂಡು ಪೂರ್ತಿ ಹಾಡು ಹಾಡಿ, ಮುಗಿದ ಮೇಲೆ ಟ್ರೇ ಎತ್ತಿಕೊಂಡು ಹೋದಳು. ಅದರಲ್ಲಿ ನನ್ನ ಆರ್ಡರ್ ಇರಲಿಲ್ಲ ಬಿಡಿ.

ಪಕ್ಕದವರನ್ನು ಕೇಳಿದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ಬಾಡಿಸ್ಲ್ಯಾಮ್, ಪೀ ತೂನ್" ಅಂದರು. ಆಮೇಲೆ ಎರಡು ಬೆರಳನ್ನು ಟೇಬಲ್ ಮೇಲೆ ನಡೆಸಿ ತೋರಿಸಿ, ಆ ತುದಿಯಿಂದ ಈ ತುದಿಗೆ ಓಡಿಸಿದರು. ಗಾಯಕ ಯಾರಿಗೋ ಸಾಲ ಮಾಡಿ ಓಡಿಹೋಗಿದ್ದಾನೆ ಅಂತ ನಾನು ಅರ್ಥ ಮಾಡಿಕೊಂಡೆ! ರೂಮಿಗೆ ಬಂದು ಹುಡುಕಿದಾಗ ಗೊತ್ತಾಗಿದ್ದು, ಆತ ನಿಜವಾಗಿಯೂ ದೇಶದ ಉದ್ದಕ್ಕೂ ಓಡಿದ್ದಾನೆ ಅಂತ.

ಹಾಡಿನ ಹೆಸರು ಸೇಂಗ್ ಸುತ್ ಥಾಯ್. ಈಗ ನನ್ನ ಪ್ರಶ್ನೆಗಳು. ಈ ತೂನ್ ಯಾರು, ಎಲ್ಲಿಂದ ಬಂದ? ಎಲ್ಲಿಂದ ಕೇಳಲು ಶುರು ಮಾಡಲಿ? ಆ ಓಟದ ಕತೆ ಏನು? ಇನ್ನೊಂದು, ಅದೇ ರಾತ್ರಿ ಕೊನೆಗೆ ಬೇರೆ ಒಂದು ಹಾಡಿಗೆ ಎಲ್ಲರೂ ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನ ಹಾಗೆ ಮಾಡಿದರು. ಹೆವಿ ಮೆಟಲ್ ಅಂದುಕೊಂಡೆ, ಆದರೆ ಹಾಡು ಹಾಗಿರಲಿಲ್ಲ, ಜಾತ್ರೆಯ ಕುಣಿತದ ಹಾಗಿತ್ತು. ಅದೇನು?

---

ಹಳೇಕ್ಯಾಸೆಟ್:

ಸೇಂಗ್ ಸುತ್ ಥಾಯ್ ಅಂದರೆ 'ಕೊನೆಯ ಬೆಳಕು'. ಥಾಯ್ಲೆಂಡಿನಲ್ಲಿ ಬಾರಿನ ಬ್ಯಾಂಡು ಸೋಲುತ್ತಿದ್ದರೆ ಕೊನೆಯ ಅಸ್ತ್ರವಾಗಿ ತೆಗೆಯುವ ಹಾಡು ಅದು, ನೀವು ನೋಡಿದ್ದು ಸರಿಯಾಗೇ ಇದೆ.

ತೂನ್ ಅನ್ನೋದು ಕರೆಯೋ ಹೆಸರು. ಪೂರ್ತಿ ಹೆಸರು ಆತಿವರಾ ಖೊಂಗ್‌ಮಾಲೈ. ಹುಟ್ಟಿದ್ದು 1979ರ ಸೆಪ್ಟೆಂಬರ್‌ನಲ್ಲಿ, ಊರು ಬ್ಯಾಂಕಾಕ್‌ನ ವಾಯವ್ಯಕ್ಕಿರುವ ಸುಫನ್ ಬುರಿ. ಓದಿದ್ದು ಬ್ಯಾಂಕಾಕ್‌ನಲ್ಲಿ, ಸುವಾನ್‌ಕುಲಾಪ್ ಅನ್ನೋ ಹಳೆಯ, ದೊಡ್ಡ ಹೆಸರಿನ ಗಂಡುಹುಡುಗರ ಶಾಲೆಯಲ್ಲಿ. ಅಲ್ಲೇ ಗೆಳೆಯರು ಸೇರಿ ಲಾ-ಓನ್ ಅಂತ ಬ್ಯಾಂಡ್ ಕಟ್ಟಿದರು. 1996ರಲ್ಲಿ ಹಾಟ್ ವೇವ್ ರೇಡಿಯೋದವರು ಶಾಲಾ ಬ್ಯಾಂಡುಗಳಿಗೆ ಸ್ಪರ್ಧೆ ಶುರು ಮಾಡಿದರು, ಮೊದಲ ವರ್ಷವೇ ಈ ಹುಡುಗರು ಗೆದ್ದರು. ಆ ಸ್ಪರ್ಧೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಮೇಲೆ ಬಂದ ಎಷ್ಟೋ ಥಾಯ್ ರಾಕ್ ಬ್ಯಾಂಡುಗಳು ಸಮವಸ್ತ್ರದಲ್ಲಿ ಆ ವೇದಿಕೆ ಹತ್ತಿ ಬಂದವರೇ. ಗೆದ್ದವರು ಮ್ಯೂಸಿಕ್ ಬಗ್ಸ್ ಅನ್ನೋ ಕಂಪನಿಯಲ್ಲಿ ಒಂದು ಆಲ್ಬಂ ಮಾಡಿದರು, ದೊಡ್ಡ ಸದ್ದಾಗಲಿಲ್ಲ, ಎಲ್ಲರೂ ಕಾಲೇಜು ಅಂತ ಚದುರಿದರು. ತೂನ್ ಚುಲಾಲೊಂಗ್‌ಕೊರ್ನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ. ಹೌದು, ಲಾಯರ್ ಆಗಬೇಕಿದ್ದ ಆಸಾಮಿ.

ಇಲ್ಲಿಗೇ ಕತೆ ಮುಗಿಯುತ್ತಿತ್ತು. ಎಷ್ಟೋ ಶಾಲಾ ಬ್ಯಾಂಡುಗಳ ಕತೆ ಹಾಗೇ ಮುಗಿದಿದೆ. ಆದರೆ ಡಿಗ್ರಿ ಮುಗಿಸಿದ ಮೇಲೆ ಹಳೇ ಗೆಳೆಯರು ಮತ್ತೆ ಸೇರಿದರು. ಬೇಸ್ ಬಾರಿಸುವ ಪಿತ್, ಗಿಟಾರಿನ ಪಾವ್, ಹಾಡೋಕೆ ತೂನ್. 2002ರಲ್ಲಿ ಬಾಡಿಸ್ಲ್ಯಾಮ್ ಹೆಸರಲ್ಲಿ ಮೊದಲ ಆಲ್ಬಂ ಬಂತು. ಬಾಡಿಸ್ಲ್ಯಾಮ್ ಅಂದರೆ ಕುಸ್ತಿಯಲ್ಲಿ ಎದುರಾಳಿಯನ್ನು ಎತ್ತಿ ಒಗೆಯುವ ಪಟ್ಟು. ಮೈಯೆಲ್ಲ ಹಾಕಿ ಕೆಲಸ ಮಾಡುವುದು ಅನ್ನೋ ಅರ್ಥದಲ್ಲಿ ಇಟ್ಟ ಹೆಸರು. ಆ ಆಲ್ಬಂನ ಙೊಮ್ ಙಾಯ್ ಹಿಟ್ ಆಯ್ತು. 2003ರಲ್ಲಿ ಡ್ರೈವ್. ಆಮೇಲೆ ಪಾವ್ ಹೊರಗೆ ಹೋದ, ಗಿಟಾರಿಗೆ ಯೋದ್, ಡ್ರಮ್ಸಿಗೆ ಛಾದ್ ಬಂದರು. ಕಂಪನಿಯೂ ಬದಲಾಯ್ತು, ಗ್ರ್ಯಾಮಿ ಅನ್ನೋ ದೊಡ್ಡ ಥಾಯ್ ಸಂಗೀತ ಕಂಪನಿ ಬಳಗದ ಜೀನಿ ರೆಕಾರ್ಡ್ಸ್. 2005ರ ಬಿಲೀವ್ ಆಲ್ಬಂನಿಂದ ಎಲ್ಲ ಬೇರೆಯೇ ಆಯ್ತು.

ನನ್ನ ಕೇಳಿದರೆ ಅಸಲಿ ಬಾಡಿಸ್ಲ್ಯಾಮ್ ಶುರುವಾಗೋದು ಅಲ್ಲಿಂದ. ಮೊದಲೆರಡು ಆಲ್ಬಂ ಚೆನ್ನಾಗಿವೆ, ಆದರೆ ಆ ಕಾಲದ ಬೇರೆ ಬ್ಯಾಂಡುಗಳೂ ಅದನ್ನು ಮಾಡುತ್ತಿದ್ದವು. ಹುಡುಗಿ ಬಿಟ್ಟುಹೋದಳು, ಮನಸ್ಸು ಮುರಿಯಿತು, ಗಿಟಾರ್ ಜೋರು. ಬಿಲೀವ್‌ನಲ್ಲಿ ಖ್ವಾಮ್ ಛ್ಯುವಾ ಅಂತ ಒಂದು ಹಾಡಿದೆ, 'ನಂಬಿಕೆ' ಅಂತ ಅರ್ಥ. ಅದರಲ್ಲಿ ತೂನ್ ಜೊತೆ ಹಾಡಿರುವುದು ಕರಾಬಾವ್ ಅನ್ನೋ ಹಳೇ ಥಾಯ್ ರಾಕ್ ಬ್ಯಾಂಡಿನ ಗಾಯಕ ಆ್ಯಡ್. ಆಗ ತೂನ್‌ಗೆ 25-26, ಆ್ಯಡ್‌ಗೆ ಐವತ್ತು ದಾಟಿತ್ತು. ತೂನ್ ದನಿ ಎತ್ತರದ್ದು, ತುಸು ಬಿರುಕು ಬಿಟ್ಟಂತೆ ಇರುತ್ತೆ, ಹೊಟ್ಟೆಯಿಂದ ಎಳೆದು ಹಾಡುತ್ತಾನೆ. ಆ್ಯಡ್ ದನಿ ಮೂಗಿನಲ್ಲಿ ಹುಟ್ಟೋದು, ಏನೂ ಶ್ರಮವಿಲ್ಲದೆ ಮಾತಾಡಿದ ಹಾಗೆ. ಎರಡೂ ಪಕ್ಕಪಕ್ಕ ಬಂದಾಗ ಇಪ್ಪತ್ತೈದು ವರ್ಷದ ಥಾಯ್ ರಾಕ್ ಒಂದೇ ಹಾಡಿನಲ್ಲಿ ಕೂತ ಹಾಗಾಗುತ್ತೆ. ಸೋತವನ ಬೆನ್ನು ತಟ್ಟುವ ಹಾಡು ಬ್ಯಾಂಡಿನ ಗುರುತಾಗಿದ್ದು ಇದರಿಂದಲೇ.

2007ರಲ್ಲಿ ಸೇವ್ ಮೈ ಲೈಫ್, 2010ರಲ್ಲಿ ಖ್ರಾಮ್. ಖ್ರಾಮ್ ಅಂದರೆ ನೀಲಿ ಬಣ್ಣ ತೆಗೆಯುವ ಗಿಡ, ಆ ಬಣ್ಣಕ್ಕೂ ಅದೇ ಹೆಸರು. ನಿಮ್ಮ 'ಕೊನೆಯ ಬೆಳಕು' ಇರೋದು ಅದರಲ್ಲೇ. ಅದೇ ವರ್ಷದ ನವೆಂಬರ್‌ನಲ್ಲಿ ಬ್ಯಾಂಕಾಕ್‌ನ ರಾಜಮಂಗಲ ಕ್ರೀಡಾಂಗಣದಲ್ಲಿ ಕಾರ್ಯಕ್ರಮ ಕೊಟ್ಟರು. ಅದು ದೇಶದ ಅತಿದೊಡ್ಡ ಫುಟ್‌ಬಾಲ್ ಮೈದಾನ, ಸುಮಾರು 50,000 ಜನ ಕೂರುವಂಥದ್ದು. ವಿದೇಶದಿಂದ ಬಂದ ದೊಡ್ಡ ಹೆಸರುಗಳಿಗೆ ಮಾತ್ರ ಅಂತ ಅಂದುಕೊಂಡಿದ್ದ ಜಾಗ.

ಕೇಳೋ ಕ್ರಮ ಬೇಕಾದರೆ: ಮೊದಲು ಖ್ವಾಮ್ ಛ್ಯುವಾ, ಆಮೇಲೆ 2007ರ ಯಾ ಪಿತ್, ಆಮೇಲೆ ಖ್ರಾಮ್ ಪೂರ್ತಿ ಆಲ್ಬಂ ಮಧ್ಯೆ ಎಲ್ಲೂ ದಾಟಿಸದೆ. ಙೊಮ್ ಙಾಯ್ ಕೊನೆಗೆ, ಹುಡುಗ ಹೇಗಿದ್ದ ಅಂತ ನೋಡೋಕೆ.

ಓಟದ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಕೆಲಸ ಇದೆ.

---

ಪದಹುಚ್ಚ:

ಮೇಲಿನವರು ಹೆಸರು ಹೇಳಿ ಸುಮ್ನೆ ಮುಂದೆ ಹೋಗಿಬಿಟ್ಟರು, ನನಗೆ ಕೈ ಕಡಿಯುತ್ತಿದೆ.

ಆತಿವರಾ ಅನ್ನೋದನ್ನು ಥಾಯ್ ಲಿಪಿಯಲ್ಲಿ ಹೇಗೆ ಬರೆಯುತ್ತಾರೋ ಹಾಗೇ ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಂದರೆ ಆದಿವರಾಹ! ಕೊನೆಯ 'ಹ' ಬರೆಯುತ್ತಾರೆ, ಓದಲ್ಲ. ಅದರ ಮೇಲೆ 'ಇದನ್ನು ಉಚ್ಚರಿಸಬೇಡಿ' ಅಂತ ಒಂದು ಪುಟ್ಟ ಗುರುತು ಹಾಕಿರುತ್ತಾರೆ. ಮನೆತನದ ಹೆಸರಿನ ಮಾಲೈ ನಮ್ಮ ಮಾಲೆಯೇ. ಊರು ಸುಫನ್ ಬುರಿ ಅಂದರೆ ಸುವರ್ಣಪುರಿ. ಚರ್ಮದ ಜಾಕೆಟ್ ಹಾಕಿಕೊಂಡು ಕಿರುಚುವ ಗಾಯಕನ ಪೂರ್ತಿ ವಿಳಾಸ 'ಸುವರ್ಣಪುರಿಯ ಆದಿವರಾಹ'. ಪುರಾಣದಲ್ಲಿ ಭೂಮಿಯನ್ನು ಕೋರೆಹಲ್ಲಿನ ಮೇಲೆ ಎತ್ತಿದವನ ಹೆಸರು, ಈತ ಎತ್ತಿದ್ದು ಮೈಕು.

ಯಾ ಪಿತ್ ಹಾಡಿನ ಪಿತ್ ಕೂಡ ನಮ್ಮ 'ವಿಷ'. ಯಾ ಅಂದರೆ ಔಷಧಿ, ಎರಡೂ ಸೇರಿದರೆ ವಿಷ. 2014ರಲ್ಲಿ ಬಂದ ಆಲ್ಬಂನ ಹೆಸರಂತೂ ಧರ್ಮಜಾತಿ. ಇಲ್ಲಿಯ ಜನ ಆ ಹೆಸರು ನೋಡಿ ಏನೇನೋ ಅಂದುಕೊಳ್ಳಬೇಡಿ, ಥಾಯ್ ಭಾಷೆಯಲ್ಲಿ ಅದನ್ನು ಥಮ್ಮಛಾತ್ ಅಂತ ಓದುತ್ತಾರೆ, ಅರ್ಥ 'ಪ್ರಕೃತಿ' ಅಷ್ಟೆ.

ಆ ಆಲ್ಬಂನಲ್ಲಿ ಒಂದು ಹಾಡಿನ ಹೆಸರೇ ಚಂದ, ನಾನು ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಥಾಯ್ ಹವಾಮಾನ ಇಲಾಖೆ ಪ್ರತಿ ಸಲ ಒಂದೇ ಮಾತು ಹೇಳುತ್ತೆ: ಸಣ್ಣ ದೋಣಿಗಳು ದಡ ಬಿಟ್ಟು ಹೊರಡಬಾರದು. ರೇಡಿಯೋದಲ್ಲಿ, ಟಿವಿಯಲ್ಲಿ ಚಿಕ್ಕಂದಿನಿಂದ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ. ಇವರು ಅದರಿಂದ ಒಂದೇ ಒಂದು ಪದ ತೆಗೆದು ಹಾಡಿನ ಹೆಸರು ಮಾಡಿದರು. ರುವಾ ಲೆಕ್ ಖುವನ್ ಓಕ್ ಚಾಕ್ ಫಾಂಗ್, ಅಂದರೆ 'ಸಣ್ಣ ದೋಣಿಗಳು ದಡ ಬಿಟ್ಟು ಹೊರಡಬೇಕು'. ಥಾಯ್ ಕಿವಿಗೆ ಅದು ಎಷ್ಟು ತಮಾಷೆಯಾಗಿ, ಎಷ್ಟು ಧಿಮಾಕಿನಿಂದ ಕೇಳಿಸುತ್ತೆ ಅಂತ ಯೋಚನೆ ಮಾಡಿ.

ಇನ್ನು ನಿಮ್ಮ ಪಕ್ಕದವರು ಹೇಳಿದ 'ಪೀ'. ಅದು ದೊಡ್ಡವರಿಗೆ ಸೇರಿಸೋ ಮಾತು, ಅಣ್ಣನಿಗೂ ಅಕ್ಕನಿಗೂ ಒಂದೇ. ಪೀ ತೂನ್ ಅಂದರೆ ತೂನಣ್ಣ. ಚಿಕ್ಕ ಮಕ್ಕಳಿಂದ ಹಿಡಿದು ಮೂವತ್ತೈದು ದಾಟಿದವರ ತನಕ ಎಲ್ಲರಿಗೂ ಆತ ತೂನಣ್ಣನೇ.

---

ಎಮ್ಮೆಕೊಂಬು:

ಕೊಂಬಿನ ಪ್ರಶ್ನೆಗೆ ಉತ್ತರ ಕೊಡೋಕೆ ನನ್ನ ಹೆಸರು ನೋಡಿದರೆ ಸಾಕು 🙂

ಅದು ಮೆಟಲ್ ಕೊಂಬಲ್ಲ ಸರ್, ಎಮ್ಮೆ ಕೊಂಬು. ಕರಾಬಾವ್ ಬ್ಯಾಂಡಿನ ಗುರುತು. ನೀವು ಕೇಳಿದ್ದು ಬಹುಶಃ ಬುವಾ ಲೋಯ್, ಕರಾಬಾವ್ ಕಾರ್ಯಕ್ರಮದಲ್ಲಿ ಅದು ಬಂದರೆ ಯಾರೂ ಕೂರೋದಿಲ್ಲ.

ತೂನ್ ಬಗ್ಗೆ ಹಳೇಕ್ಯಾಸೆಟ್ ಬರೆದಿದ್ದು ಎಲ್ಲ ಸರಿ, ಆದರೆ ತೂನ್‌ನಿಂದ ಶುರು ಮಾಡಿದರೆ ಎರಡನೇ ಅಧ್ಯಾಯದಿಂದ ಪುಸ್ತಕ ಓದಿದ ಹಾಗೆ. ಆ್ಯಡ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಯುವೆನ್ಯೊಂಗ್ ಓಪಾಕುನ್, 1954ರ ನವೆಂಬರ್ 9ಕ್ಕೆ ಹುಟ್ಟಿದ್ದು. ಎಲ್ಲಿ ಹೇಳಿ? ಅದೇ ಸುಫನ್ ಬುರಿ! ಅವಳಿ ಮಕ್ಕಳಲ್ಲಿ ಒಬ್ಬರು. ವಾಸ್ತುಶಿಲ್ಪ ಓದೋಕೆ ಫಿಲಿಪ್ಪೀನ್ಸಿಗೆ ಹೋದರು, ಮನಿಲಾದಲ್ಲಿ ಖಿಯಾವ್ ಅನ್ನೋ ಇನ್ನೊಬ್ಬ ಥಾಯ್ ಹುಡುಗ ಸಿಕ್ಕಿದ, 1976ರಲ್ಲಿ ಬ್ಯಾಂಡು ಅಲ್ಲೇ ಹುಟ್ಟಿತು. ಕರಾಬಾವ್ ಅಂದರೆ ಆ ದೇಶದಲ್ಲಿ ಗದ್ದೆ ಉಳುವ ಎಮ್ಮೆ-ಕೋಣ. ಈಗ ನೋಡಿ, ಥಾಯ್ ಭಾಷೆಯಲ್ಲಿ ಯಾರನ್ನಾದರೂ ಕೋಣ ಅಂದರೆ ದಡ್ಡ ಅಂತ ಬೈದ ಹಾಗೆ. ನಮ್ಮಲ್ಲೂ ಅಷ್ಟೇ ಅಲ್ವಾ. ಬೈಗುಳವನ್ನೇ ಬಾವುಟ ಮಾಡಿಕೊಂಡರು. ರೈತನ ಜೊತೆ ಕೆಸರಲ್ಲಿ ನಿಲ್ಲೋ ಪ್ರಾಣಿ, ನಾವೂ ಅದೇ ಅಂದರು.

ಅದೇ ವರ್ಷ ಅಕ್ಟೋಬರ್ 6ಕ್ಕೆ ಬ್ಯಾಂಕಾಕ್‌ನ ಥಮ್ಮಸಾತ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮಾರಣಹೋಮ ಆಯ್ತು. ಅದಕ್ಕೂ ಮೊದಲೇ ಕಾರಾವಾನ್ ಅನ್ನೋ ಬ್ಯಾಂಡು 'ಫ್ಲೆಂಗ್ ಫ್ಯುವಾ ಚೀವಿತ್' ಅನ್ನೋ ಬಗೆಯ ಹಾಡು ಹಾಡುತ್ತಿತ್ತು. ಬದುಕಿಗಾಗಿ ಹಾಡು ಅಂತ (ಚೀವಿತ್ ನಮ್ಮ ಜೀವಿತವೇ, ಪದಹುಚ್ಚರು ಹೇಳೋಕೆ ಮೊದಲು ನಾನೇ ಹೇಳಿಬಿಡುತ್ತೇನೆ). ಆ ಘಟನೆ ಆದ ಮೇಲೆ ಕಾರಾವಾನ್‌ನವರು ಕಾಡು ಸೇರಿದರು. ಆ್ಯಡ್ ಊರಿಗೆ ವಾಪಸ್ ಬಂದು ಹಗಲು ಸರ್ಕಾರಿ ಕೆಲಸ, ರಾತ್ರಿ ಹೋಟೆಲಿನಲ್ಲಿ ಸಂಗೀತ ಅಂತ ಕಾಲ ಹಾಕಿದರು. ಮೊದಲ ಆಲ್ಬಂ 1981ರಲ್ಲಿ ಬಂತು. ಕಾರಾವಾನ್‌ನ ಕೋಪಕ್ಕೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸು, ಕುಣಿತ ಸೇರಿಸಿದವರು ಇವರು. ಕೋಪ ಇದ್ದರೂ ಜನ ಕುಣಿಯುತ್ತಾರೆ ಅನ್ನೋದೇ ಗುಟ್ಟು.

1984ರಲ್ಲಿ ಮೇಡ್ ಇನ್ ಥಾಯ್ಲೆಂಡ್ ಬಂತು. ಥಾಯ್ ಸಂಗೀತದ ಚರಿತ್ರೆಯಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದು ಒಂದು. ಮುಖ್ಯ ಹಾಡಿನಲ್ಲಿ ಖ್ಲುಯ್ ಅನ್ನೋ ಬಿದಿರಿನ ಕೊಳಲಿದೆ, ಹಿಂದೆ ರಾಕ್ ಡ್ರಮ್ಸ್. ಹಾಡಿನ ವಿಷಯ ಇಷ್ಟೇ: ಥಾಯ್ ಜನ ಮಾಡಿದ ಬಟ್ಟೆಯನ್ನು ಥಾಯ್ ಜನ ಕೊಳ್ಳಲ್ಲ, ಅದಕ್ಕೇ ವಿದೇಶದ ಚೀಟಿ ಅಂಟಿಸಿದರೆ ದುಡ್ಡು ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಸರ್ಕಾರಕ್ಕೆ ಅದು ಸ್ವದೇಶಿ ಪ್ರಚಾರದ ಹಾಡಾಗಿ ಕೇಳಿಸಿತು. ಅದರಲ್ಲಿದ್ದ ಚುಚ್ಚು ಅರ್ಧ ಜನಕ್ಕೆ ಗೊತ್ತಾಗಲೇ ಇಲ್ಲ. ಅದೇ ಆಲ್ಬಂನಲ್ಲಿ ಕಂತಿನಲ್ಲಿ ಎಲ್ಲ ಕೊಂಡು ಸಾಲದಲ್ಲಿ ಮುಳುಗಿದವನ ಮೇಲೆ ಒಂದು ಹಾಡು, ಗಾಜಿನ ಹಿಂದೆ ಕೂರಿಸಿ ಮಾರುವ ಹೆಣ್ಣುಮಕ್ಕಳ ಮೇಲೆ ಒಂದು ಹಾಡು ಇವೆ. ಇದೆಲ್ಲ ಲಕ್ಷಗಟ್ಟಲೆ ಮಾರಾಟವಾದ ಕ್ಯಾಸೆಟ್ಟಿನಲ್ಲಿ!

ತೂನ್ ಹಾಡುಗಳಲ್ಲಿ ಈ ಚುಚ್ಚು ಇಲ್ಲ. 'ಬಿದ್ದರೆ ಏಳು' ಅನ್ನುತ್ತಾನೆ. ಬೀಳಿಸಿದವರು ಯಾರು ಅಂತ ಕೇಳಲ್ಲ. ಇದು ನನ್ನ ತಕರಾರು.

---

ಬೇಸ್‌ಲೈನ್:

@ಎಮ್ಮೆಕೊಂಬು, ಒಪ್ಪಿದೆ, ಆದರೆ ಬೀಳಿಸಿದವರು ಯಾರು ಅಂತ ಕೇಳಿದ ಆ್ಯಡ್ ಆಮೇಲೆ ಏನು ಮಾಡಿದರು ಅದನ್ನೂ ಹೇಳಿ. 2002ರಲ್ಲಿ ಪಾಲುದಾರರ ಜೊತೆ ಕರಾಬಾವ್ ದಾಂಗ್ ಅನ್ನೋ ಎನರ್ಜಿ ಡ್ರಿಂಕ್ ತಂದರು, ಬಾಟಲಿ ಮೇಲೆ ಅದೇ ಎಮ್ಮೆ ತಲೆ. 2014ರಲ್ಲಿ ಕಂಪನಿ ಷೇರುಪೇಟೆಗೆ ಬಂತು. 2017ರಿಂದ ಇಂಗ್ಲೆಂಡಿನ ಲೀಗ್ ಕಪ್ ಫುಟ್‌ಬಾಲಿಗೆ ಕರಾಬಾವ್ ಕಪ್ ಅಂತಲೇ ಹೆಸರು. ಆ ಪಂದ್ಯ ನೋಡೋ ಎಷ್ಟೋ ಜನಕ್ಕೆ ಅದು ಒಂದು ರಾಕ್ ಬ್ಯಾಂಡಿನ ಹೆಸರು, ಅದಕ್ಕೂ ಮೊದಲು ಒಂದು ಎಮ್ಮೆಯ ಹೆಸರು ಅಂತ ಗೊತ್ತೇ ಇಲ್ಲ. ಕೊಳ್ಳುಬಾಕರನ್ನು ಗೇಲಿ ಮಾಡಿದ ಮನುಷ್ಯನ ಬ್ರ್ಯಾಂಡು! 2013ರಲ್ಲಿ ಸರ್ಕಾರ ರಾಷ್ಟ್ರೀಯ ಕಲಾವಿದ ಅನ್ನೋ ಗೌರವವನ್ನೂ ಕೊಟ್ಟಿತು.

ನಾನು ದೂರುತ್ತಿಲ್ಲ. ಲಾರಿ ಓಡಿಸುವವರು, ಕಟ್ಟಡ ಕೆಲಸದವರು ಕುಡಿಯೋ ಡ್ರಿಂಕ್ ಅದು, ಹಾಡು ಕೇಳುವವರೂ ಅವರೇ. ಆದರೆ ತೂನ್‌ನನ್ನು ಮೆತ್ತಗಿನವನು ಅನ್ನೋ ಮೊದಲು ಇದೂ ಲೆಕ್ಕಕ್ಕೆ ಬರಲಿ.

ಇನ್ನೊಂದು ಹಾಡು ಯಾರೂ ಹೇಳಲಿಲ್ಲ. ಖ್ರಾಮ್ ಆಲ್ಬಂನ ಖಿತ್ ಹೋತ್. ಈಶಾನ್ಯದ ಇಸಾನ್ ಭಾಗದ ಮಾತಿನಲ್ಲಿ 'ನೆನಪಾಗುತ್ತೆ' ಅಂತ. ಬ್ಯಾಂಕಾಕ್ ಥಾಯ್‌ನಲ್ಲಿ ಇದಕ್ಕೆ ಖಿತ್ ಥ್ಯುಂಗ್ ಅಂತಾರೆ. ಇಸಾನ್ ಭಾಷೆ ಲಾವೋಸಿನ ಭಾಷೆಗೆ ಹತ್ತಿರ, ಅಲ್ಲಿಯ ಜನ ಕೆಲಸ ಹುಡುಕಿ ಬ್ಯಾಂಕಾಕ್‌ಗೆ ಬರುತ್ತಾರೆ, ಟ್ಯಾಕ್ಸಿ ಓಡಿಸುತ್ತಾರೆ, ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಪೇಟೆಯವರು ಅವರ ಮಾತನ್ನು ಹಳ್ಳಿ ಮಾತು ಅಂತ ನಗುತ್ತಾರೆ. ಆ ಮಾತನ್ನೇ ಹಾಡಿನ ಹೆಸರು ಮಾಡಿ, ಇಸಾನ್‌ನ ಜನಪ್ರಿಯ ಗಾಯಕಿ ಸಿರಿಫೊನ್ ಅಂಫೈಫೊಂಗ್ ಅವರನ್ನು ಕರೆಸಿ ಹಾಡಿಸಿದರು. ಗಿಟಾರಿನ ಗದ್ದಲದ ನಡುವೆ ಆಕೆಯ ದನಿ ಬರುತ್ತೆ ನೋಡಿ, ಗಂಟಲಲ್ಲಿ ಅಲೆ ಅಲೆಯಾಗಿ ಬಾಗುವ ದನಿ, ಮೋ ಲಾಮ್ ಅನ್ನೋ ಇಸಾನ್‌ನ ಜನಪದ ಹಾಡುಗಾರಿಕೆಯದ್ದು. ಅಲ್ಲಿಯವರೆಗೆ ರಾಕ್ ಒಂದು ಕಡೆ, ಹಳ್ಳಿ ಹಾಡು ಒಂದು ಕಡೆ ಅಂತ ಇತ್ತು. ಬೀಳಿಸಿದವರು ಯಾರು ಅಂತ ಕೇಳದಿದ್ದರೂ ಬಿದ್ದವರ ಮಾತಲ್ಲಿ ಹಾಡಿದ್ದಾನಲ್ಲ. ನನಗೆ ಅಷ್ಟು ಸಾಕು.

---

ಹಳೇಕ್ಯಾಸೆಟ್:

ವಾಪಸ್ ಬಂದೆ. ಖಿತ್ ಹೋತ್ ಬಿಟ್ಟಿದ್ದು ನನ್ನ ತಪ್ಪೇ, ಬೇಸ್‌ಲೈನ್ ಅವರಿಗೆ ಥ್ಯಾಂಕ್ಸ್.

ಓಟದ ಕತೆ. ಪ್ರಚುವಪ್ ಖೀರಿ ಖಾನ್ ಪ್ರಾಂತ್ಯದಲ್ಲಿ ಬಾಂಗ್ ಸಫಾನ್ ಅಂತ ಒಂದು ಊರಿದೆ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಲಕರಣೆಗೆ ದುಡ್ಡಿಲ್ಲ ಅನ್ನೋದು ತೂನ್ ಕಣ್ಣಿಗೆ ಬಿತ್ತು. ಒಂದು ಕಾರ್ಯಕ್ರಮ ಕೊಟ್ಟು ಚೆಕ್ ಕೊಡಬಹುದಿತ್ತು. ಅದು ಬಿಟ್ಟು 2016ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಅಲ್ಲಿಗೆ 400 ಕಿಮೀ ಓಡಿದ, 10 ದಿನ. ಆರು ಕೋಟಿಗೂ ಹೆಚ್ಚು ಬಾತ್ (ಅಲ್ಲಿಯ ಹಣ) ಬಂತು. ಓಟಕ್ಕೆ ಇಟ್ಟ ಹೆಸರು ಕಾವ್ ಖೊನ್ ಲಾ ಕಾವ್, ಅಂದರೆ ತಲಾ ಒಂದು ಹೆಜ್ಜೆ.

ಮರುವರ್ಷದ್ದು ನಿಮ್ಮ ಪಕ್ಕದವರು ಬೆರಳಲ್ಲಿ ತೋರಿಸಿದ್ದು. 2017ರ ನವೆಂಬರ್ 1ಕ್ಕೆ ಯಾಲಾ ಪ್ರಾಂತ್ಯದ ಬೆಟೊಂಗ್‌ನಿಂದ ಹೊರಟ. ಅದು ದೇಶದ ದಕ್ಷಿಣ ತುದಿ, ಆಚೆ ಕಾಲಿಟ್ಟರೆ ಮಲೇಷ್ಯಾ. ಮುಟ್ಟಬೇಕಾಗಿದ್ದು ಚಿಯಾಂಗ್ ರಾಯ್‌ನ ಮೇ ಸಾಯ್, ಉತ್ತರದ ತುದಿ, ಆಚೆ ಮ್ಯಾನ್ಮಾರ್. (ಮರುವರ್ಷ ಗುಹೆಯಲ್ಲಿ ಸಿಕ್ಕಿಕೊಂಡ ಫುಟ್‌ಬಾಲ್ ಹುಡುಗರ ಸುದ್ದಿ ಬಂತಲ್ಲ, ಅದೇ ಮೇ ಸಾಯ್.) ಸುಮಾರು 2,200 ಕಿಮೀ, 55 ದಿನ, 11 ಆಸ್ಪತ್ರೆಗಳಿಗೆ. ನಾಲ್ಕು ದಿನ ಓಟ, ಒಂದು ದಿನ ವಿಶ್ರಾಂತಿ ಅಂತ ಲೆಕ್ಕ. ಓಡುವ ದಿನ 50 ಕಿಮೀ ಆಸುಪಾಸು, ಅಂದರೆ ಒಂದು ಮ್ಯಾರಥಾನ್ ಮುಗಿಸಿ ಇನ್ನೂ ಎಂಟು ಕಿಮೀ. ವಯಸ್ಸು 38. ಮಧ್ಯೆ ಕಾಲುನೋವು ಬಂದು ವೈದ್ಯರೇ ಬಲವಂತವಾಗಿ ನಿಲ್ಲಿಸಿದ್ದೂ ಆಯ್ತು.

ನನಗೆ ಇಷ್ಟವಾಗಿದ್ದು ದುಡ್ಡಿನ ಲೆಕ್ಕ. ದೇಶದಲ್ಲಿ ಹೆಚ್ಚುಕಡಿಮೆ ಏಳು ಕೋಟಿ ಜನ. ಒಬ್ಬೊಬ್ಬರು ಹತ್ತು ಬಾತ್ ಕೊಟ್ಟರೆ 70 ಕೋಟಿ ಬಾತ್. ಗುರಿ ಅಷ್ಟೇ ಇಟ್ಟ. ಜನ ರಸ್ತೆ ಬದಿಯಲ್ಲಿ ಗಂಟೆಗಟ್ಟಲೆ ಕಾದು ನಿಂತು ಕೈಗೆ ನೋಟು ತುರುಕುತ್ತಿದ್ದರು. ಅಜ್ಜಿಯಂದಿರು, ಶಾಲೆ ಮಕ್ಕಳು, ಭಿಕ್ಷುಗಳು. ಆತ ಪ್ರತಿಯೊಬ್ಬರಿಗೂ ನಿಂತು ಕೈಮುಗಿಯುತ್ತಿದ್ದ, ಮಂಡಿಯೂರಿ ಅಜ್ಜಿಯಂದಿರ ಎದುರು ಕೂರುತ್ತಿದ್ದ. ಓಟಗಾರರಿಗೆ ಗೊತ್ತು, ಮೂವತ್ತನೇ ಕಿಲೋಮೀಟರಿನಲ್ಲಿ ಮಂಡಿ ಬಗ್ಗಿಸಿ ಕೂತು ಮತ್ತೆ ಏಳೋದು ಓಡೋದಕ್ಕಿಂತ ಕಷ್ಟ. ಆಗ ಗೆಳತಿಯಾಗಿದ್ದ ನಟಿ ಕೋಯ್ ರಚ್ಚವಿನ್ ಕೂಡ ಪಕ್ಕದಲ್ಲಿ ಓಡಿದರು, ಆಮೇಲೆ ಮದುವೆಯಾದರು. ಡಿಸೆಂಬರ್ 25ಕ್ಕೆ ಮೇ ಸಾಯ್ ಮುಟ್ಟಿದಾಗ ಮೊತ್ತ 100 ಕೋಟಿ ಬಾತ್ ದಾಟಿತ್ತು.

ಆಮೇಲೆ 2019ರಲ್ಲಿ ಮತ್ತೆ ರಾಜಮಂಗಲದಲ್ಲಿ ಹಾಡಿದರು. ಅಷ್ಟು ಹೊತ್ತಿಗೆ ಆ ಹಾಡುಗಳ ಅರ್ಥವೇ ಬದಲಾಗಿತ್ತು. 'ಕೊನೆಯ ಬೆಳಕು' ಬಂದಿದ್ದು 2010ರಲ್ಲಿ, ಆಗ ಅದು ಒಂದು ಒಳ್ಳೆ ರಾಕ್ ಹಾಡು. 2017ರ ನಂತರ ಅದನ್ನು ಹಾಡುವಾಗ ಎಲ್ಲರ ಕಣ್ಣ ಮುಂದೆ ಬರೋದು ರಸ್ತೆ. ನಿಮ್ಮ ಟ್ರೇ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದು ಅದಕ್ಕೇ ಇರಬಹುದು.

---

ವಾರ್ಡ್‌ನಂಬರ್9:

ನಾನು ಆಸ್ಪತ್ರೆ ಕೆಲಸದವನು, ಹಾಡಿನ ಬಗ್ಗೆ ಹೆಚ್ಚು ಗೊತ್ತಿಲ್ಲ. ಓಟದ ಬಗ್ಗೆ ಒಂದು ಮಾತು.

ಥಾಯ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಕೆಟ್ಟದ್ದೇನಲ್ಲ. 2002ರಿಂದ ಎಲ್ಲರಿಗೂ ಚಿಕಿತ್ಸೆ ಅನ್ನೋ ಯೋಜನೆ ಇದೆ, ಶುರುವಾದಾಗ ಒಂದು ಸಲ ಹೋದರೆ 30 ಬಾತ್ ಕೊಡಬೇಕಿತ್ತು, ಅದಕ್ಕೇ '30 ಬಾತ್ ಯೋಜನೆ' ಅಂತ ಹೆಸರು. ಬಡವರಿಗೆ ಅದರಿಂದ ಆದ ಅನುಕೂಲವನ್ನು ಬೇರೆ ದೇಶದವರು ಬಂದು ನೋಡಿ ಕಲಿಯುತ್ತಾರೆ. ಆದರೆ ರೋಗಿಗಳು ಜಾಸ್ತಿ ಬಂದ ಹಾಗೆ ಸರ್ಕಾರಿ ಆಸ್ಪತ್ರೆಗಳ ಮೇಲೆ ಹೊರೆ ಜಾಸ್ತಿಯಾಯ್ತು, ಎಷ್ಟೋ ಆಸ್ಪತ್ರೆ ನಷ್ಟದಲ್ಲಿ ನಡೆಯುತ್ತವೆ. ಇದು ಸರ್ಕಾರ ಬಜೆಟ್ಟಿನಲ್ಲಿ ಸರಿ ಮಾಡಬೇಕಾದ ಸಂಗತಿ. ಒಬ್ಬ ಗಾಯಕನ ಮೊಣಕಾಲಿನ ಮೇಲೆ ಹಾಕಬೇಕಾದ ಹೊರೆಯಲ್ಲ.

2017ರಲ್ಲಿ ಅಲ್ಲಿ ಇದ್ದದ್ದು ದಂಗೆಯಿಂದ ಬಂದ ಸೇನಾ ಸರ್ಕಾರ. ಓಟದ ದಾರಿಯಲ್ಲಿ ಪ್ರಧಾನಿ ಪ್ರಯುತ್ ಅವರೇ ತೂನ್‌ನನ್ನು ಬರಮಾಡಿಕೊಂಡು ಬೆನ್ನು ತಟ್ಟಿದರು. ದುಡ್ಡು ಕೊಡಬೇಕಾದವರು ಚಪ್ಪಾಳೆ ತಟ್ಟಿದರು, ಚಪ್ಪಾಳೆ ತಟ್ಟಬೇಕಾದವರು ದುಡ್ಡು ಕೊಟ್ಟರು. ಥಾಯ್ಲೆಂಡಿನಲ್ಲೇ ಆಗ ಎಷ್ಟೋ ಜನ ಇದನ್ನು ಕೇಳಿದರು, ಕೇಳಿದವರನ್ನು ಹೊಟ್ಟೆಕಿಚ್ಚಿನವರು ಅಂತ ಬೈದದ್ದೂ ಆಯ್ತು.

ತೂನ್ ಮೇಲೆ ನನಗೆ ಕೋಪ ಇಲ್ಲ. ಒಂದು ವೆಂಟಿಲೇಟರ್ ಬಂದರೆ ಒಂದು ಜೀವ ಉಳಿಯುತ್ತೆ, ಅದು ಯಾವ ದುಡ್ಡಿನದು ಅಂತ ರೋಗಿ ಕೇಳಲ್ಲ. ಆದರೆ ಯಂತ್ರ ಒಂದು ಸಲ ಕೊಂಡರೆ ಮುಗಿಯೋದಿಲ್ಲ. ಅದನ್ನು ನೋಡಿಕೊಳ್ಳೋ ನರ್ಸು ಪ್ರತಿ ತಿಂಗಳು ಬೇಕು, ಕೆಟ್ಟರೆ ರಿಪೇರಿ ಬೇಕು. ಅದಕ್ಕೆ ಯಾರು ಓಡುತ್ತಾರೆ?

---

ಎಮ್ಮೆಕೊಂಬು:

@ವಾರ್ಡ್‌ನಂಬರ್9 ಇದನ್ನೇ ನಾನು ಹೇಳೋಕೆ ಹೊರಟಿದ್ದು, ನೀವು ಚೆನ್ನಾಗಿ ಹೇಳಿದಿರಿ. 1984ರ ಕರಾಬಾವ್ ಆಗಿದ್ದರೆ ಓಡುತ್ತಿರಲಿಲ್ಲ, ಆಸ್ಪತ್ರೆಗೆ ದುಡ್ಡು ಯಾಕಿಲ್ಲ ಅಂತ ಒಂದು ಕುಣಿಯೋ ಹಾಡು ಬರೆಯುತ್ತಿದ್ದರು.

---

ಹಳೇಕ್ಯಾಸೆಟ್:

ಬರೆದಿದ್ದರೆ ಜನ ಕುಣಿಯುತ್ತಿದ್ದರು, ಸರ್ಕಾರ ಅದನ್ನು ಆರೋಗ್ಯ ಇಲಾಖೆಯ ಜಾಹೀರಾತಿಗೆ ಹಾಕಿಕೊಳ್ಳುತ್ತಿತ್ತು. ನೀವೇ ಹೇಳಿದಿರಲ್ಲ ಮೇಡ್ ಇನ್ ಥಾಯ್ಲೆಂಡ್ ಕತೆ 😄

ತಮಾಷೆ ಬಿಡಿ, ವಾರ್ಡ್‌ನಂಬರ್9 ಅವರ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದೇ ಒಂದು ಸೇರಿಸುತ್ತೇನೆ. ಓಟಕ್ಕೆ ಮೊದಲು ಆ ಆಸ್ಪತ್ರೆಗಳ ಕೊರತೆ ಪತ್ರಿಕೆಯ ಒಳಪುಟದಲ್ಲಿತ್ತು. 55 ದಿನ ಅದು ಪ್ರತಿ ರಾತ್ರಿ ಟಿವಿಯಲ್ಲಿ ಬಂತು. ನೀವು ಕೇಳಿದ ಪ್ರಶ್ನೆ ಅಲ್ಲಿಯ ಜನ ಅಷ್ಟು ಜೋರಾಗಿ ಕೇಳಿದ್ದು ಆತ ಓಡಿದ ಮೇಲೇ.

---

ರಾತ್ರಿರೈಲು:

ಅಬ್ಬಾ, ಒಂದು ಪ್ರಶ್ನೆ ಕೇಳಿದರೆ ಇಷ್ಟು ಬಂತು. ಎಲ್ಲರಿಗೂ ಥ್ಯಾಂಕ್ಸ್.

ಹೇಳಿದ ಕ್ರಮದಲ್ಲೇ ಕೇಳುತ್ತಿದ್ದೇನೆ. ಖ್ವಾಮ್ ಛ್ಯುವಾದಲ್ಲಿ ಆ್ಯಡ್ ದನಿ ಬಂದ ಜಾಗವನ್ನು ಮೂರು ಸಲ ಹಿಂದೆ ತಿರುಗಿಸಿದೆ. ಖಿತ್ ಹೋತ್ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾಯ್ತು, ಯಾ ಪಿತ್ ನನಗೆ ಅಷ್ಟು ಹಿಡಿಸಲಿಲ್ಲ, ಕ್ಷಮಿಸಿ.

ಆ ರಾತ್ರಿ ಮೊಬೈಲಿನಲ್ಲಿ ಸ್ವಲ್ಪ ವಿಡಿಯೋ ಮಾಡಿದ್ದೆ, ನಿನ್ನೆ ತೆಗೆದು ನೋಡಿದೆ. ಕೊನೆಯ ಹಾಡು ಬುವಾ ಲೋಯ್‌ನೇ, ಎಮ್ಮೆಕೊಂಬು ಹೇಳಿದ್ದು ಸರಿ. ಗಿಟಾರಿನ ಹುಡುಗ ಇನ್ನೂ ತಂತಿ ಸರಿಮಾಡಿಕೊಳ್ಳುತ್ತಿದ್ದಾನೆ, ಹಾಡು ಶುರುವೇ ಆಗಿಲ್ಲ. ಹಿಂದಿನ ಟೇಬಲ್ಲಿನಲ್ಲಿ ಟೋಪಿ ಹಾಕಿಕೊಂಡ ಒಬ್ಬ ಮುದುಕ, ಅಲ್ಲಿಯವರೆಗೆ ಒಂದು ಹಾಡಿಗೂ ತಲೆ ಎತ್ತಿರಲಿಲ್ಲ, ತೂನ್ ಹಾಡಿಗೂ ಎದ್ದಿರಲಿಲ್ಲ. ಆತ ಆಗಲೇ ಗ್ಲಾಸು ಕೆಳಗಿಟ್ಟು ಎರಡು ಬೆರಳು ಎತ್ತಿ ನಿಂತಿದ್ದಾನೆ.